ಸಂಜೆಯಾದರೆ ಇಳಿಯುತ್ತಿದ್ದ ರೆಪ್ಪೆ

ಅಮ್ಮನ ಎಡಗಣ್ಣಿನ ರೆಪ್ಪೆ ಸಂಜೆ ಹೊತ್ತಿಗೆ ಅರ್ಧ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದಾಗ ಏನೂ ಇಲ್ಲ. "ಸೀರಿಯಲ್ ನೋಡೋದು ಕಡಿಮೆ ಮಾಡಮ್ಮ" ಅಂತ ಗದರಿದವನು ನಾನೇ. ತಿಂಗಳು ಕಳೆಯಿತು. ರಾತ್ರಿ ಊಟದಲ್ಲಿ ಚಪಾತಿ ಅಗಿಯುತ್ತಾ, ಮಧ್ಯದಲ್ಲೇ ದವಡೆಗೆ ಕೈ ಆನಿಸಿ ಕೂರತೊಡಗಿದರು. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ದನಿ ಮೂಗಿನಿಂದ ಬರುತ್ತಿತ್ತು. ಆಗ ನನಗೆ ಹೆದರಿಕೆಯಾಯಿತು.

ನರರೋಗ ತಜ್ಞರು "ಒಂದು ನಿಮಿಷ ಮೇಲೇ ನೋಡ್ತಾ ಇರಿ" ಅಂದರು. ನಮ್ಮ ಕಣ್ಣೆದುರೇ ರೆಪ್ಪೆ ಮೆಲ್ಲಗೆ ಇಳಿಯಿತು. ರಕ್ತಪರೀಕ್ಷೆಯಿಂದ ಹೆಸರು ಖಚಿತವಾಯಿತು: ಮಯಸ್ತೇನಿಯಾ ಗ್ರೇವಿಸ್.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕಗಳಿಗೆ ಅಂಟಿದಾಗಲೇ ಸ್ನಾಯು ಕೆಲಸ ಮಾಡೋದು. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಮೆಸೇಜ್ ಸರಿಯಾಗಿಯೇ ಹೋಗುತ್ತಿದೆ, ತೊಂದರೆ ಇರೋದು ತಗೊಳ್ಳುವ ಕಡೆ. ರೋಗಾಣುಗಳ ಮೇಲೆ ಹೋಗಬೇಕಾದ ಪ್ರತಿಕಾಯಗಳು ನಮ್ಮದೇ ಗ್ರಾಹಕಗಳ ಮೇಲೆ ಬೀಳುತ್ತವೆ. ಕೆಲವು ದಾರಿಗೆ ಅಡ್ಡ ನಿಲ್ಲುತ್ತವೆ. ಕೆಲವು ಎರಡೆರಡು ಗ್ರಾಹಕಗಳನ್ನು ಜೋಡಿಸಿಬಿಡುತ್ತವೆ, ಸ್ನಾಯುಕೋಶ ಅವನ್ನು ಒಳಗೆಳೆದು ನಾಶ ಮಾಡುತ್ತದೆ. ಇನ್ನು ಕೆಲವು, ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳನ್ನು ಕರೆತಂದು ಸ್ನಾಯುವಿನ ಆ ಜಾಗವನ್ನೇ ಹಾಳುಮಾಡುತ್ತವೆ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಪ್ರತಿಕಾಯ ಹುಟ್ಟಿ ಮೊಲಗಳೂ ಹೀಗೇ ಸೋತು ಬಿದ್ದವಂತೆ.

ಸಂಜೆಗೇ ಯಾಕೆ ಜಾಸ್ತಿ? ಸ್ನಾಯುವನ್ನು ಮತ್ತೆ ಮತ್ತೆ ಬಳಸಿದಾಗ ಪ್ರತಿ ಸಲ ಹೊರಬರುವ ಅಸಿಟೈಲ್‌ಕೋಲಿನ್ ಎಲ್ಲರಲ್ಲೂ ಸ್ವಲ್ಪ ಕಡಿಮೆಯಾಗುತ್ತದೆ. ನಮಗೆ ಗ್ರಾಹಕಗಳು ಧಾರಾಳ, ಗೊತ್ತೇ ಆಗಲ್ಲ. ಅಮ್ಮನಿಗೆ ಆ ಮಿಗಿತ ಇಲ್ಲ. ವಿಶ್ರಾಂತಿ ಸಿಕ್ಕರೆ ಮತ್ತೆ ಶಕ್ತಿ ಬರುತ್ತದೆ.

ಈಗ ಪಿರಿಡೋಸ್ಟಿಗ್ಮಿನ್ ಮಾತ್ರೆ ಇದೆ. ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. 1934ರಲ್ಲೇ ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಇದೇ ಬಗೆಯ ಔಷಧ ಕೊಟ್ಟು ಫಲ ಕಂಡಿದ್ದರು. ಆದರೆ ಇದು ಪ್ರತಿಕಾಯಗಳನ್ನು ನಿಲ್ಲಿಸುವುದಿಲ್ಲ. ಅದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬೇರೆ. ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ ಇದೆಯೇ ಅಂತ ಸ್ಕ್ಯಾನ್ ಕೂಡ ಆಯಿತು. ಇರಲಿಲ್ಲ.

ಎರಡು ಮಾತು ನೆನಪಿಡಿ. ಕೆಲವು ಆಂಟಿಬಯೋಟಿಕ್‌ಗಳು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ, ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಮೊದಲು ರೋಗದ ಹೆಸರು ಹೇಳಿ. ಉಸಿರಾಟಕ್ಕೋ ನುಂಗಲಿಕ್ಕೋ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಅಮ್ಮ ಈಗಲೂ ಸೀರಿಯಲ್ ನೋಡುತ್ತಾರೆ. ನಾನು ಏನೂ ಅನ್ನೋದಿಲ್ಲ. ಪಕ್ಕದಲ್ಲಿ ಕೂತು, ರೆಪ್ಪೆ ಮಾತ್ರ ಗಮನಿಸುತ್ತೇನೆ.