‘ಅಕಾಲೆಫ’ ಹೊಸ ವಿಷಜೀವಿಯೇ? ಹಳೆಯ ಹೆಸರಿನ ಅಸಲಿ ಕತೆ

ಜೆಲ್ಲಿಫಿಶ್ ಚಿತ್ರದ ಜೊತೆ ‘ಅಕಾಲೆಫ’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. ಅದು ಹೊಸದಾಗಿ ಪತ್ತೆಯಾದ ಪ್ರಾಣಿಯಲ್ಲ. ಪ್ರಾಣಿವಿಜ್ಞಾನ ಎಂದೋ ಕೈಬಿಟ್ಟ ಒಂದು ಗುಂಪಿನ ಹೆಸರು.

ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ತುರಿಕೆ ಗಿಡ ಎಂದರ್ಥ. ಮಲೆನಾಡಿನಲ್ಲಿ ತುರಚೆ ಗಿಡ ಮುಟ್ಟಿದವರಿಗೆ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ! ಫ್ರಾನ್ಸಿನ ಜಾರ್ಜ್ ಕ್ಯುವಿಯೆ 1817ರಲ್ಲಿ ಲೋಳೆಮೈಯ ಹಲವು ಕಡಲಜೀವಿಗಳನ್ನು ಈ ಹೆಸರಿನಡಿ ಸೇರಿಸಿದ. ಹವಳ, ಹೈಡ್ರಾಗಳನ್ನು ‘ಪಾಲಿಪ್’ ಎಂಬ ಬೇರೆ ವರ್ಗಕ್ಕೆ ಹಾಕಿದ.

ಎಡವಟ್ಟಾಗಿದ್ದು ಅಲ್ಲೇ. ನಾರ್ವೆಯ ಮಿಖಾಯೆಲ್ ಸಾರ್ಸ್ ಕಡಲತಳಕ್ಕೆ ಅಂಟಿಕೊಂಡಿದ್ದ ಪುಟ್ಟ ಪಾಲಿಪ್ ಒಂದನ್ನು ಗಮನಿಸಿದ. ಅದರ ಮೈ ತಟ್ಟೆಗಳನ್ನು ಪೇರಿಸಿಟ್ಟಂತೆ ಅಡ್ಡಡ್ಡಲಾಗಿ ಸೀಳಿ, ಒಂದೊಂದು ತಟ್ಟೆಯೂ ಬಿಡಿಸಿಕೊಂಡು ಮರಿ ಜೆಲ್ಲಿಫಿಶ್ ಆಗಿ ಈಜತೊಡಗಿತ್ತು. ಎರಡು ವರ್ಗ ಎಂದುಕೊಂಡಿದ್ದು ಒಂದೇ ಪ್ರಾಣಿಯ ಎರಡು ಹಂತ! 1847ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸುವ ‘ಸೀಲೆಂಟರೇಟಾ’ ಹೆಸರು ಬಂತು. ಪಿಯುಸಿ ಪುಸ್ತಕದಲ್ಲಿ ಓದಿದ ನೆನಪಿರಬಹುದು. 1888ರಲ್ಲಿ ಅದೂ ಒಡೆಯಿತು. ಬಾಚಣಿಗೆ ಜೆಲ್ಲಿಗಳು ಬೇಟೆಯನ್ನು ಕುಟುಕುವುದಿಲ್ಲ, ಅಂಟಿಸಿಕೊಳ್ಳುತ್ತವೆ. ಹಾಗಾಗಿ ಅವು ಬೇರೆಯಾದವು. ಕುಟುಕುವವು ‘ನಿಡೇರಿಯಾ’ ಆದವು. ತಮಾಷೆಯೆಂದರೆ, ಈ ಹೆಸರಿನ ಮೂಲವೂ ತುರಿಕೆ ಗಿಡವೇ.

ಹೆಸರು ಹಳೆಯದಾದರೂ ಕುಟುಕು ನಿಜ. ಗ್ರಹಣಾಂಗಗಳ ಕಣಗಳೊಳಗೆ ಸುರುಳಿ ಸುತ್ತಿದ ಸೂಕ್ಷ್ಮ ಮುಳ್ಳುಕೊಳವೆಗಳಿರುತ್ತವೆ. ಮುಟ್ಟಿದರೆ ಸಿಡಿದು ವಿಷ ಚುಚ್ಚುತ್ತವೆ. ಸತ್ತು ಮರಳ ಮೇಲೆ ಬಿದ್ದ ಜೆಲ್ಲಿಫಿಶ್ ಕೂಡ ಕುಟುಕಬಲ್ಲದು, ಫೋಟೋಗೆಂದು ಕೈಗೆತ್ತಿಕೊಳ್ಳಬೇಡಿ.

‘ಕುಟುಕಿದರೆ ಮೂತ್ರ ಹಾಕಿ’ ಎಂಬ ಸಲಹೆ ಸುಳ್ಳು. ಮೂತ್ರವಾಗಲಿ ಸಿಹಿನೀರಾಗಲಿ ಸಿಡಿಯದೆ ಉಳಿದ ಕಣಗಳನ್ನೂ ಸಿಡಿಸಬಹುದು. ವಿನೆಗರ್ ಕೂಡ ಎಲ್ಲಕ್ಕೂ ಮದ್ದಲ್ಲ. ಆಸ್ಟ್ರೇಲಿಯಾದಲ್ಲಿ ಬಾಕ್ಸ್ ಜೆಲ್ಲಿಫಿಶ್ ಕುಟುಕಿಗೆ ಅದನ್ನು ಸುರಿಯಲು ಹೇಳುತ್ತಾರೆ, ಬ್ಲೂಬಾಟಲ್‌ಗೆ ಬೇಡ ಎನ್ನುತ್ತಾರೆ. ಮಳೆಗಾಲದಲ್ಲಿ ಮುಂಬೈ ತೀರಕ್ಕೆ ತೇಲಿಬರುವ ನೀಲಿ ಬಲೂನಿನಂಥದ್ದು ಈ ಬ್ಲೂಬಾಟಲ್. ಅದು ಜೆಲ್ಲಿಫಿಶ್ ಅಲ್ಲ, ಅದರ ನೆಂಟ.

ಯಾವುದು ಕುಟುಕಿತೆಂದು ತಿಳಿಯದಿದ್ದರೆ ಮೊದಲು ನೀರಿನಿಂದ ಹೊರಬನ್ನಿ. ಉಜ್ಜಬೇಡಿ. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ಸಮುದ್ರದ ನೀರಿನಿಂದಲೇ ತೊಳೆಯಿರಿ. ಆಮೇಲೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಇಟ್ಟರೆ ಅನೇಕ ಕುಟುಕುಗಳ ನೋವು ಇಳಿಯುತ್ತದೆ. ಚರ್ಮ ಸುಡುವಷ್ಟು ಬಿಸಿ ಬೇಡ. ಉಸಿರಾಟಕ್ಕೆ ತೊಂದರೆಯಾದರೆ, ಎದೆ ನೋವು ಬಂದರೆ ಇದಾವುದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.