ಕೈಯ ಗಡಿಯಾರವೂ ಅಜ್ಜನ ಭಾಷೆಯೂ

ಕೊಲ್ಲಿ ರಾಷ್ಟ್ರಗಳಿಂದ ಬರುವ ಮಕ್ಕಳು ತಂದೆತಾಯಿಯರಿಗೆ ತರುವ ವಸ್ತುಗಳಲ್ಲಿ ಈಗ ಸ್ಮಾರ್ಟ್ ವಾಚ್ ಕೂಡ ಸೇರಿದೆ. ನಾಡಿಬಡಿತ, ನಡೆದ ಹೆಜ್ಜೆ, ನಿದ್ದೆ, ಎಲ್ಲವನ್ನೂ ಮಣಿಕಟ್ಟಿನಲ್ಲೇ ತೋರಿಸುವ ಯಂತ್ರವಿದು. ಆದರೆ ಮಗ ವಿಮಾನ ಹತ್ತಿದ ಮೇಲೆ ಅದು ಬರಿಯ ಹೊತ್ತು ನೋಡುವ ಗಡಿಯಾರವಾಗುವುದನ್ನು ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಲ್ಲಿ ನಾವು ಕಾಣುತ್ತಿದ್ದೇವೆ.

ಇದು ಹಿರಿಯರ ದಡ್ಡತನವೇ? ಖಂಡಿತ ಅಲ್ಲ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇದೇ ಅಜ್ಜ ಅಜ್ಜಿಯರು ಕಲಿತರು. ಅಂಕಿ 94ಕ್ಕಿಂತ ಇಳಿದರೆ ತಿಳಿಸಬೇಕೆಂದು ಯಾರೋ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದ್ದರು, ಅಷ್ಟೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಪಟ್ಟ ಪಾಡು ಮರೆಯುವಂತಹದ್ದಲ್ಲ. ವೈದ್ಯರು ದೂರವಿರುವಲ್ಲಿ ಮುನ್ಸೂಚನೆಗೆ ಬೆಲೆ ಹೆಚ್ಚು.

ಆದರೆ ಅರೆಬರೆ ಕಲಿಕೆ ಅಪಾಯಕರ. ವಾಚು ಚರ್ಮಕ್ಕೆ ಹಸಿರು ಬೆಳಕು ಬೀರಿ, ಮರಳುವ ಬೆಳಕಿನ ಏರಿಳಿತದಿಂದ ನಾಡಿ ಎಣಿಸುತ್ತದೆ. ಪಟ್ಟಿ ಸಡಿಲವಾದರೆ ಎಣಿಕೆ ತಪ್ಪುತ್ತದೆ. ಹೃದಯಾಘಾತವನ್ನು ಅದು ಪತ್ತೆಹಚ್ಚದು. ಎದೆನೋವು ಬಂದರೆ ವಾಚು ಏನೇ ತೋರಿಸಲಿ, ಆಸ್ಪತ್ರೆಗೇ ಹೋಗಬೇಕು. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಾಣಕ್ಕೇ ಸಂಚಕಾರ.

ಈ ಮಾತುಗಳನ್ನು ಹೇಳಬೇಕಾದವರು ಯಾರು, ಯಾವ ಭಾಷೆಯಲ್ಲಿ? 2025ರ ಆಗಸ್ಟ್ 21ರಂದು ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿತವಾಯಿತು. ನೂರು ದಾಟಿದ ಹಿರಿಯರೂ ಕಲಿತವರಲ್ಲಿದ್ದರು. ಸಂತೋಷ. ಇನ್ನು ಮುಂದಿನ ಪಾಠ ಆರೋಗ್ಯದ ಯಂತ್ರಗಳದ್ದಾಗಬೇಕು. ಈ ಜಿಲ್ಲೆಯಲ್ಲಿ ಅದು ಕನ್ನಡದಲ್ಲೂ ನಡೆಯಬೇಕು. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಇಲ್ಲಿಯ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಅರ್ಜಿಗೆ ದೊರೆತ ಭಾಷೆ ಆರೋಗ್ಯಕ್ಕೆ ದೊರೆಯಬೇಡವೆ?

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ದಪ್ಪಕ್ಷರದ ಒಂದು ಪುಟದ ಕನ್ನಡ ಕರಪತ್ರ, ಊರ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ, ಜತೆಗೊಬ್ಬ ಆಶಾ ಕಾರ್ಯಕರ್ತೆ ಸಾಕು. ಗುಂಡಿ ಒತ್ತಿ ತೋರಿಸಲು ನಮ್ಮ ಹೈಸ್ಕೂಲಿನ ಮಕ್ಕಳಿದ್ದಾರೆ. ಪಂಚಾಯತುಗಳು ಮನಸ್ಸು ಮಾಡುವವೆ?