ಮಧುಮೇಹಿ ಮಕ್ಕಳು, ನೂತನ ಯಂತ್ರಗಳು ಮತ್ತು ನಮ್ಮ ಶಾಲೆಗಳು

ವಿಜ್ಞಾನದ ಸಾಧನೆಯ ಹಿರಿಮೆಯನ್ನು ಅದರ ಫಲವು ಯಾರ ಮನೆಯ ಬಾಗಿಲನ್ನು ಮುಟ್ಟಿತೆಂಬುದರಿಂದ ಅಳೆಯಬೇಕು. ಮಧುಮೇಹ ಚಿಕಿತ್ಸೆಯ ಚರಿತ್ರೆ ಈ ಮಾತಿಗೆ ಉತ್ತಮ ನಿದರ್ಶನ.

ಮಧುಮೇಹವೆಂದೊಡನೆ ನಡುವಯಸ್ಸಿನವರ ವ್ಯಾಧಿಯೇ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಮೊದಲನೆಯ ಬಗೆಯ ಮಧುಮೇಹವು ಎಳೆಯ ಮಕ್ಕಳನ್ನೂ ಹಿಡಿಯುವಂಥದು. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಗೊಳಿಸುವುದರಿಂದ ಇದು ಬರುತ್ತದೆ. ಸಿಹಿ ತಿಂದುದರಿಂದಲ್ಲ, ತಾಯ್ತಂದೆಗಳ ಅಲಕ್ಷ್ಯದಿಂದಲೂ ಅಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸುವವರೆಗೆ ಇಂತಹ ಮಗು ಬದುಕುಳಿಯುವ ಆಸೆಯೇ ಇರಲಿಲ್ಲ. ಸಂಶೋಧಕರು ಆ ಔಷಧದ ಸ್ವಾಮ್ಯದ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರೆಂಬುದು ಸ್ಮರಣೀಯ.

ಇನ್ಸುಲಿನ್ ಪ್ರಾಣವನ್ನು ಉಳಿಸಿತು. ಆದರೆ ಅದರ ಅಳತೆ ತಪ್ಪಿದರೆ ಅಪಾಯ. ಹೆಚ್ಚಾದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪೀತು. ಕಡಿಮೆಯಾದರೆ ಸಕ್ಕರೆ ಏರಿ ದೇಹದಲ್ಲಿ ಆಮ್ಲ ತುಂಬೀತು. ಹಿಂದೆ ಇದನ್ನು ತಿಳಿಯಲು ದಿನಕ್ಕೆ ಹಲವು ಬಾರಿ ಬೆರಳು ಚುಚ್ಚಿಕೊಳ್ಳಬೇಕಿತ್ತು. ಈಗ ತೋಳಿಗೆ ಅಂಟಿಸುವ ನಾಣ್ಯದಷ್ಟು ಅಗಲದ ಸೆನ್ಸರು ಚರ್ಮದಡಿಯ ದ್ರವದ ಗ್ಲುಕೋಸನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆದು ಮೊಬೈಲಿಗೆ ತಿಳಿಸುತ್ತದೆ. 2016ರಲ್ಲಿ ಅಮೆರಿಕವು, ಈ ಅಳತೆಗೆ ಅನುಸಾರವಾಗಿ ಪಂಪಿನಿಂದ ಹರಿಯುವ ಇನ್ಸುಲಿನ್ನನ್ನು ತಾನೇ ಹೆಚ್ಚುಕಡಿಮೆ ಮಾಡುವ ಮೊದಲ ವ್ಯವಸ್ಥೆಗೆ ಮನ್ನಣೆ ನೀಡಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯು 2024ರಿಂದ ಇಂತಹ ಯಂತ್ರಗಳನ್ನು ಹಂತಹಂತವಾಗಿ ಒದಗಿಸತೊಡಗಿದೆ. ರಾತ್ರಿಯಿಡೀ ಎಚ್ಚರವಿದ್ದು ಮಗುವನ್ನು ಕಾಯುತ್ತಿದ್ದ ತಾಯಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇನ್ನೇನು?

ಹಾಗೆಂದು ಯಂತ್ರವೇ ಸರ್ವಸ್ವವೆಂದು ಭ್ರಮಿಸಲಾಗದು. ಸೆನ್ಸರಿನ ಅಂಕಿ ರಕ್ತದ ಸ್ಥಿತಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಚರ್ಮದಡಿ ಸೇರಿದ ಇನ್ಸುಲಿನ್ ಕೆಲಸ ಮಾಡಲು ಸಮಯ ಬೇಕು. ಆದುದರಿಂದ ಊಟಕ್ಕೆ ಮುನ್ನ ಅದರ ಪಿಷ್ಟದ ಲೆಕ್ಕವನ್ನು ಯಂತ್ರಕ್ಕೆ ಸಾಮಾನ್ಯವಾಗಿ ಮನುಷ್ಯನೇ ಹೇಳಬೇಕು. ಎಚ್ಚರಿಕೆಯ ಗಂಟೆ ಬಾರಿಸಿದರೂ ಮಗುವಿನ ಬಾಯಿಗೆ ಸಕ್ಕರೆ ಹಾಕುವ ಕೈ ಯಂತ್ರಕ್ಕಿಲ್ಲ. ಶಾಲೆಯ ವೇಳೆಯಲ್ಲಿ ಆ ಕೈ ಶಿಕ್ಷಕರದೇ ಆಗಬೇಕು.

ಇಲ್ಲಿಯೇ ನಮ್ಮ ಕರ್ತವ್ಯ ಆರಂಭವಾಗುತ್ತದೆ. ಮೊಬೈಲು ತರಬಾರದು, ಪಾಠದ ನಡುವೆ ತಿನ್ನಬಾರದು, ಪದೇಪದೇ ಹೊರಗೆ ಹೋಗಬಾರದು ಎಂಬ ನಿಯಮಗಳು ಶಿಸ್ತಿಗೆ ಅವಶ್ಯವೇ ಸರಿ. ಆದರೆ ಮಧುಮೇಹಿ ಮಗುವಿಗೆ ಮೊಬೈಲೇ ಮಾಪಕ, ತಿಂಡಿಯೇ ಮದ್ದು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿಯೇ ಇಂತಹ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿಯಿತ್ತಿತು. ಪರೀಕ್ಷೆಯಲ್ಲಿ ಸಲ್ಲುವುದು ತರಗತಿಯಲ್ಲಿ ಸಲ್ಲದೆ? ಮಗು ಬೆವರಿ, ನಡುಗಿ, ತೊದಲಿದರೆ ಅದು ತುಂಟತನವಲ್ಲ, ಸಕ್ಕರೆ ಕುಸಿದ ಕುರುಹಾಗಿರಬಹುದು. ಎಚ್ಚರವಿದ್ದಾಗ ಸುಮಾರು 15 ಗ್ರಾಂ ಸಕ್ಕರೆ ಕೊಟ್ಟು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಬೇಕು. ಇಷ್ಟನ್ನು ಪ್ರತಿಯೊಬ್ಬ ಶಿಕ್ಷಕರೂ ಅರಿತಿರಲಿ.

ಇನ್ನು ದಾನಿಗಳಲ್ಲಿ ಒಂದು ವಿನಂತಿ. ಒಂದು ಸೆನ್ಸರಿನ ಬಾಳಿಕೆ ಎರಡು ವಾರಗಳ ಆಸುಪಾಸು. ಬೆಲೆಯೋ ಸಾವಿರಾರು ರೂಪಾಯಿ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನ ಇದಲ್ಲ. ಮೊದಲು ಇನ್ಸುಲಿನ್, ಅದನ್ನು ತಂಪಾಗಿಡುವ ಅನುಕೂಲ, ಬೆರಳು ಪರೀಕ್ಷೆಯ ಪಟ್ಟಿಗಳು ಬಡ ಮಗುವಿಗೆ ತಪ್ಪದೆ ದೊರೆಯಲಿ. ಶಕ್ತಿಯಿದ್ದಲ್ಲಿ ಸೆನ್ಸರು ಬರಲಿ. ಕಟ್ಟಡದ ಮೇಲೆ ಕೆತ್ತಿದ ಹೆಸರು ಎಲ್ಲರಿಗೂ ಕಾಣುತ್ತದೆ. ವರ್ಷವರ್ಷವೂ ಒಂದು ಮಗುವಿನ ಔಷಧದ ವೆಚ್ಚ ಹೊತ್ತವರ ಹೆಸರು ಕಾಣದು. ಆದರೂ ಆ ಮಗು ಓದು ಮುಗಿಸಿ ಹೊರಬರುವ ದಿನ ಆ ದಾನ ಸಾರ್ಥಕವಾಗುತ್ತದೆ.